ಮಡಕೆಯೊಳಗಿನ ಸೀಟಿಗಳು

ಆ ಊರಿನಲ್ಲಿ ಗಾಡಿ ಹೊಡೆಯುವವರ ಕಣ್ಣು ಕಟ್ಟುತ್ತಿದ್ದರು.

ಮೇಲೆ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಕಲ್ಲುಗಣಿ. ಕೆಳಗೆ ಹೊಳೆ. ಬೆಟ್ಟದಿಂದ ಹೊಳೆಗೆ ಒಂದೇ ರಸ್ತೆ, ಅದು ಊರನ್ನು ಎರಡಾಗಿ ಸೀಳಿಕೊಂಡು ಇಳಿಯುತ್ತಿತ್ತು. ಮನೆಗಳೆಲ್ಲ ಒಂದು ಬದಿಗೆ, ಬಾವಿಯೂ ಹೊಲಗಳೂ ಇನ್ನೊಂದು ಬದಿಗೆ. ಇಪ್ಪತ್ತೊಂದು ಗಾಡಿಗಳು ಕಲ್ಲು ಹೇರಿಕೊಂಡು ಬೆಳಗಿನಿಂದ ಸಂಜೆಯವರೆಗೆ ಆ ಇಳಿಜಾರಿನಲ್ಲಿ ನುಗ್ಗುತ್ತಿದ್ದವು. ರಸ್ತೆಯ ಇಕ್ಕೆಲಗಳಲ್ಲೂ ಎದೆಮಟ್ಟದ ಗೋಡೆ. ಎತ್ತುಗಳಿಗೆ ದಾರಿ ಗೊತ್ತು. ಗೋಡೆ ತೆರೆದಿದ್ದದ್ದು ಒಂದೇ ಕಡೆ, ಜನ ದಾಟುವ ಜಾಗದಲ್ಲಿ. ಅಲ್ಲಿ ಯಾವಾಗಲೂ ಬಿಳಿ ಕಲ್ಲುಧೂಳು ನಿಂತಿರುತ್ತಿತ್ತು. ಎರಡು ಮಾರು ಆಚೆಗೆ ಏನೂ ಕಾಣದು.

ಅಜ್ಜಿಯರ ಅಜ್ಜಿಯರ ಕಾಲದಲ್ಲಿ ಗಾಡಿಕಾರರು ಕಣ್ಣು ಬಿಟ್ಟುಕೊಂಡೇ ಗಾಡಿ ಹೊಡೆಯುತ್ತಿದ್ದರಂತೆ. ಅಡ್ಡ ಬಂದವರ ಮುಖ ನೋಡಿ ಚಕ್ರದ ತಡೆ ಎಳೆಯುತ್ತಿದ್ದರು, ಮುಖ ನೋಡಿಯೇ ಎಳೆಯದೆ ಬಿಡುತ್ತಿದ್ದರು. ತಮ್ಮವರಾದರೆ ಗಾಡಿ ನಿಲ್ಲುವುದು. ಅಲ್ಲದಿದ್ದರೆ, ‘ಧೂಳಿತ್ತು, ಕಾಣಲಿಲ್ಲ.’ ಒಂದು ವರ್ಷ ಚಕ್ರಕ್ಕೆ ಸಿಕ್ಕಿ ಸತ್ತವರೆಲ್ಲ ಒಂದೇ ಕೇರಿಯವರಾಗಿದ್ದರು. ಆಗ ಊರು ಕೂತು ನಿಯಮ ಮಾಡಿತು. ಹಗ್ಗ ಹಿಡಿದವನಿಗೆ ಕಣ್ಣು ಬೇಡ. ನಡೆಯುವವರ ಕೈಯಲ್ಲಿ ಬಿದಿರ ಸೀಟಿ ಇರಲಿ. ಸೀಟಿ ಕೇಳಿದರೆ ಗಾಡಿ ನಿಲ್ಲಲಿ. ಸೀಟಿಯನ್ನು ಸದ್ದು ನುಂಗಬಾರದೆಂದು ಚಕ್ರಕ್ಕೆ ತೊಗಲು ಸುತ್ತಿದರು, ಗೊರಸಿಗೆ ತೊಗಲು ಕಟ್ಟಿದರು.

ಅಂದಿನಿಂದ ಹೀಗೆ ನಡೆಯುತ್ತಿತ್ತು. ಬೆಳಗಾಗುತ್ತಲೇ ಬೆಟ್ಟದ ಮೇಲೆ ನಗಾರಿ ಬಡಿಯುವರು. ಗಾಡಿಕಾರರು ಸಾಲಾಗಿ ಮಂಡಿಯೂರುವರು. ಅವರ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟುವರು. ಕೆಳಗೆ, ದಾಟುವ ಜಾಗದಲ್ಲಿ, ಜನ ಸೀಟಿ ಊದಿ ಕಾಯುವರು. ಚಕ್ರಕ್ಕೆ ಮರದ ತಡೆ ಕಚ್ಚಿಕೊಂಡು ಕಿರ್ರೆನ್ನುವುದು. ಆ ಕಿರ್ರು ಕೇಳಿದ ಮೇಲೆ ಕಾಲು ಮುಂದಿಡುವರು. ನೂರು ಎಣಿಸಿದರೂ ಕೇಳದಿದ್ದರೆ ಹತ್ತಿರ ಗಾಡಿ ಇಲ್ಲವೆಂದು ದಾಟುವರು.

ಸೀಟಿ ಮಾಡುವವಳು ಒಬ್ಬಳೇ. ಅವಳ ತಾಯಿ ಮಾಡುತ್ತಿದ್ದಳು, ತಾಯಿಯ ತಾಯಿ ಮಾಡುತ್ತಿದ್ದಳು. ಅವಳನ್ನು ಸೀಟಿಯವಳು ಎಂದೇ ಕರೆಯುತ್ತಿದ್ದರು. ಅವಳ ಸೀಟಿಗಳೆಲ್ಲ ಒಂದೇ ಅಳತೆ, ಒಂದೇ ಸ್ವರ. ಊದಿದವರು ಯಾರೆಂದು ಗಾಡಿಕಾರನಿಗೆ ತಿಳಿಯಬೇಕಾಗಿರಲಿಲ್ಲ. ಯಾರೋ ಒಬ್ಬರು ಇದ್ದಾರೆ, ಅಷ್ಟು ಸಾಕಾಗಿತ್ತು.

ಒಂದು ಬೇಸಿಗೆಯಲ್ಲಿ, ಬೆಟ್ಟದ ಪೊದೆಗಳಲ್ಲಿ ಅಡಗಿ ಬದುಕುವ ಕಳ್ಳರು ಬಿದಿರು ಕಡಿದು ಅದೇ ಸ್ವರದ ಸೀಟಿ ಮಾಡಿಕೊಂಡರು. ಒಂದೇ ಸ್ವರ ಕದಿಯುವುದು ಎಷ್ಟು ಹೊತ್ತಿನ ಕೆಲಸ? ರಸ್ತೆಯ ನಡುವೆ ನಿಂತು ಊದಿದರು. ಗಾಡಿ ನಿಂತಿತು. ಕಣ್ಣು ಕಟ್ಟಿದ ಗಾಡಿಕಾರ ‘ದಾಟಿ, ದಾಟಿ’ ಎಂದ. ಅವನ ಕತ್ತು ಕೊಯ್ದು, ಎತ್ತು ಬಿಚ್ಚಿಕೊಂಡು ಹೋದರು.

ಆರು ಗಾಡಿಕಾರರು ಹಾಗೆ ಸತ್ತರು. ಏಳನೆಯವನು ಸೀಟಿಯವಳ ತಮ್ಮ. ಅವನ ಎತ್ತುಗಳು ಬೆದರಿ, ಕಳ್ಳರ ಕೈಗೆ ಸಿಗದೆ, ಅವನನ್ನು ಹೊತ್ತುಕೊಂಡೇ ಹೊಳೆಯವರೆಗೆ ಬಂದವು. ಹಗ್ಗ ಇನ್ನೂ ಅವನ ಮುಷ್ಟಿಯಲ್ಲಿತ್ತು. ತಲೆ ಬೆನ್ನಿನ ಕಡೆಗೆ ಜೋತುಬಿದ್ದಿತ್ತು. ಕಣ್ಣಿನ ಬಟ್ಟೆ ಮಾತ್ರ ಒಂದಿಷ್ಟೂ ಸರಿದಿರಲಿಲ್ಲ. ಅದನ್ನು ಬಿಚ್ಚಿದವಳು ಸೀಟಿಯವಳೇ. ಒಳಗೆ ಕಣ್ಣು ತೆರೆದಿದ್ದವು.

ಮರುದಿನ ಯಾವ ಗಾಡಿಯೂ ಯಾವ ಸೀಟಿಗೂ ನಿಲ್ಲಲಿಲ್ಲ. ಸಂಜೆಯೊಳಗೆ ದಾಟುವ ಜಾಗದಲ್ಲಿ ಒಂಬತ್ತು ಮಂದಿ ಅರೆದುಹೋದರು. ಧೂಳು ಬಿಳಿ ಬಣ್ಣ ಬಿಟ್ಟಿತು. ಕೊನೆಯ ಇಬ್ಬರನ್ನು ಮಣ್ಣಿನಿಂದ ಬಿಡಿಸಲಿಕ್ಕೆ ಸನಿಕೆ ತರಬೇಕಾಯಿತು.

ಹಿರಿಯ ಗಾಡಿಕಾರ ಸೀಟಿಯವಳ ಅಂಗಳಕ್ಕೆ ಬಂದ. ಅವನ ಹಿಂದೆ ಉಳಿದವರು.

“ತಂಗಿ, ನಮ್ಮನ್ನು ಬೈಯುವವರು ಬೈಯಲಿ,” ಎಂದ. “ಕತ್ತು ನಮ್ಮದು. ನಿನ್ನ ತಮ್ಮನೂ ನಿಯಮದ ಪ್ರಕಾರವೇ ನಿಲ್ಲಿಸಿದ, ಹೌದೋ ಅಲ್ಲವೋ?”

“ಹೌದು.”

“ನಿನ್ನ ಸೀಟಿ ಯಾರು ಊದಿದರೂ ಒಂದೇ. ನಮ್ಮವರು ಊದಿದರೂ ಪೀ, ಕಳ್ಳ ಊದಿದರೂ ಪೀ. ಅದಕ್ಕಿಂತ ನಮ್ಮ ಎತ್ತು ಹೂಸು ಬಿಟ್ಟರೆ ಹೆಚ್ಚು ಗುರುತು ಸಿಗುತ್ತದೆ.”

ಹಿಂದಿದ್ದವರು ನಕ್ಕರು. ಸೀಟಿಯವಳು ನಗಲಿಲ್ಲ.

“ಊದಿದವರು ಯಾರೆಂದು ತಿಳಿಯುವ ಹಾಗೆ ಮಾಡಿಕೊಡುತ್ತೇನೆ ಅಣ್ಣ,” ಎಂದಳು. “ಗುರುತಿಲ್ಲದ ಸೀಟಿ ಕೇಳಿದರೆ ತಡೆ ಎಳೆಯಬೇಡಿ. ಎತ್ತಿಗೆ ಚಾಟಿ ಕೊಡಿ.”

ನಡೆಯುವವರು ಊರಿನಲ್ಲಿ ಮುನ್ನೂರ ಹನ್ನೆರಡು ಜನ. ಅವಳು ಮುನ್ನೂರ ಹನ್ನೆರಡು ಸೀಟಿ ಕೊರೆದಳು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಗಂಟಲು ಮಾತ್ರ ಒಂದೊಂದಕ್ಕೂ ಬೇರೆ. ಒಳಗಿನ ಕೊರೆತ ನೋಡಬೇಕೆಂದರೆ ಸೀಟಿಯನ್ನು ಸೀಳಬೇಕು, ಸೀಳಿದರೆ ಸ್ವರ ಸಾಯುತ್ತದೆ. ಒಂದು ಕಳವಾದರೆ ಆ ಒಂದು ಸ್ವರವನ್ನಷ್ಟೇ ಮರೆತರಾಯಿತು. ನಲವತ್ತು ದಿನ ಗಾಡಿಕಾರರು ಅವಳ ಅಂಗಳದಲ್ಲಿ ಕಣ್ಣು ಕಟ್ಟಿಕೊಂಡು ಕೂತರು. ಒಬ್ಬೊಬ್ಬರೇ ಬಂದು ಊದುವರು. ‘ಇದು ಗಾಣದವನು,’ ಎಂದು ಸೀಟಿಯವಳು ಹೇಳುವಳು. ‘ಗಾಣದವನು,’ ಎಂದು ಅವರು ಹೇಳುವರು. ‘ಇದು ನೇಯುವವಳು.’ ‘ನೇಯುವವಳು.’ ಮುನ್ನೂರ ಹನ್ನೆರಡನ್ನೂ ತಪ್ಪಿಲ್ಲದೆ ಒಪ್ಪಿಸಿದ ಮೇಲೆ ಅವರನ್ನು ಬೆಟ್ಟಕ್ಕೆ ಬಿಟ್ಟಳು.

ಮೊದಲ ವಾರದಲ್ಲೇ ನಾಲ್ವರು ಕಳ್ಳರು ಚಕ್ರಕ್ಕೆ ಸಿಕ್ಕರು. ಊದುತ್ತಲೇ ಸತ್ತರು, ಒಬ್ಬನ ಸೀಟಿ ಹಲ್ಲುಗಳ ಜೊತೆ ಗಂಟಲಿಗೆ ಇಳಿದಿತ್ತು. ಊರು ಓಡಿಬಂದು ನೋಡಿತು, ಕೇಕೆ ಹಾಕಿತು. ಸೀಟಿಯವಳೂ ಬಂದಳು. ತಮ್ಮನನ್ನು ಕೊಯ್ದ ಕೈ ಇವುಗಳಲ್ಲಿ ಯಾವುದೆಂದು ಅವಳಿಗೆ ತಿಳಿಯಲಿಲ್ಲ. ಆದ್ದರಿಂದ ಎಂಟು ಕೈಗಳನ್ನೂ ಒಂದೊಂದಾಗಿ ತುಳಿದಳು. ಆ ದಿನ ಅವಳಿಗೆ ಅನ್ನ ರುಚಿಸಿತು.

ಕಳ್ಳರು ಆ ಬೆಟ್ಟ ಬಿಟ್ಟು ಹೋದರು.

ಎರಡು ತಿಂಗಳ ಮೇಲೆ ಗಾಣದವನು ಸತ್ತ. ಹಿರಿಯ ಗಾಡಿಕಾರನ ಗಾಡಿ ಅವನ ಎದೆಯ ಮೇಲೆ ಹರಿದಿತ್ತು. ಅವರಿಬ್ಬರಿಗೂ ಹಿತ್ತಲ ಗೋಡೆಯ ಜಗಳವಿತ್ತು.

ಊರು ಕೂತಿತು.

“ಕೇಳಿಸಲಿಲ್ಲ,” ಎಂದ ಹಿರಿಯ ಗಾಡಿಕಾರ. “ಗಾಳಿ ಇತ್ತು.”

ನೇಯುವವಳು ಎದ್ದು ನಿಂತಳು. ಅವಳು ದಾಟಲು ಗಾಣದವನ ಹಿಂದೆಯೇ ನಿಂತಿದ್ದಳು.

“ನನಗೆ ಕೇಳಿಸಿತು,” ಎಂದಳು. “ಒಂದಲ್ಲ, ಮೂರು ಸಲ. ಕಾಗೆಗಳೆಲ್ಲ ಎದ್ದು ಹಾರಿದವು. ಅಣ್ಣನ ಕಿವಿಯಲ್ಲಿ ಏನಿತ್ತೋ! ಕಣ್ಣಿಗೆ ಕಟ್ಟುವ ಬಟ್ಟೆಯನ್ನು ಕಿವಿಗೆ ತುರುಕಿಕೊಂಡಿದ್ದನೋ ಏನೋ, ಕೇಳಿ ನೋಡಿ.”

ಜನ ನಕ್ಕರು. ಹಿರಿಯ ಗಾಡಿಕಾರನೂ ನಕ್ಕ. ನಗುತ್ತಲೇ ನೇಯುವವಳ ಮುಖವನ್ನು ಬಹಳ ಹೊತ್ತು ನೋಡಿದ. ಗಾಳಿ ಇತ್ತೆಂದು ಉಳಿದ ಗಾಡಿಕಾರರೂ ಸಾಕ್ಷಿ ಹೇಳಿದರು. ಊರು ಎದ್ದುಹೋಯಿತು.

ಆಮೇಲೆ ಇನ್ನೊಬ್ಬ ಗಾಡಿಕಾರನ ಮಗನಿಗೆ ಹೆಣ್ಣು ಕೊಡಲು ಒಪ್ಪದ ತಂದೆ ಸತ್ತ. ಸಂತೆಯಲ್ಲಿ ಮತ್ತೊಬ್ಬನನ್ನು ಕುಂಟ ಎಂದವಳು ಸತ್ತಳು. ಒಂದು ಜಗಳಕ್ಕೆ ಒಂದು ಹೆಣ. ಪ್ರತಿ ಸಲವೂ ಗಾಳಿ ಇತ್ತು.

ಸೀಟಿಯವಳು ಬಾಗಿಲು ಹಾಕಿಕೊಂಡು ಕೂತಳು. ತಾನು ಮಾಡಿದ್ದೇನೆಂದು ಅವಳಿಗೆ ಈಗ ಕಂಡಿತು. ಕಣ್ಣಿಗೆ ಕಟ್ಟಿದ ಬಟ್ಟೆಯನ್ನು ಅವಳು ಮುಟ್ಟಿರಲಿಲ್ಲ. ಅವರ ಕಿವಿಯೊಳಗೆ ಒಂದು ಕಣ್ಣು ಕೊರೆದುಕೊಟ್ಟಿದ್ದಳು. ಅವಳು ಅಳಲಿಲ್ಲ. ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಎರಡು ಸಾಲು ಬರೆದಳು.

ಗಾಡಿಕಾರನಿಗೆ ತಿಳಿಯಬೇಕಾದದ್ದು: ಊದಿದವರು ನಮ್ಮವರು.

ತಿಳಿಯಬಾರದ್ದು: ನಮ್ಮವರಲ್ಲಿ ಯಾರು.

ಮೂರು ದಿನ ಆ ಎರಡು ಸಾಲುಗಳ ಎದುರು ಕೂತಿದ್ದಳು. ನಾಲ್ಕನೆಯ ದಿನ ಕುಂಬಾರನಿಂದ ಒಂದು ದೊಡ್ಡ ಮಡಕೆ ತರಿಸಿದಳು.

ಹೊಸ ಕ್ರಮ ಶುರುವಾಯಿತು. ಸಂಜೆ ಎಲ್ಲರೂ ತಮ್ಮ ಸೀಟಿಯನ್ನು ಮಡಕೆಗೆ ಹಾಕಬೇಕು. ಬೆಳಿಗ್ಗೆ ಒಬ್ಬೊಬ್ಬರೇ ಒಳಗೆ ಬಂದು, ಮುಖ ತಿರುಗಿಸಿ, ಕೈ ಹಾಕಿ, ಸಿಕ್ಕಿದ್ದನ್ನು ತೆಗೆದುಕೊಳ್ಳಬೇಕು. ಬಾಗಿಲು ಹಾಕಿದ ಕೋಣೆಯಲ್ಲಿ ಒಮ್ಮೆ ಮೆಲ್ಲಗೆ ಊದಬೇಕು. ಗಂಟಲಿಗೆ ಧೂಳು ಕಟ್ಟಿದ ಸೀಟಿ ಹಿಡಿದು ರಸ್ತೆಗೆ ಇಳಿದವರು ಹೆಣವಾಗುತ್ತಾರೆ. ಆದ್ದರಿಂದ ಸೀಟಿಯವಳು ಪ್ರತಿಯೊಂದನ್ನೂ ಕೇಳಿ, ‘ಸರಿ, ಹೋಗು,’ ಎನ್ನುವಳು. ಅದೇ ಹೊತ್ತಿಗೆ ಬೆಟ್ಟದ ಮೇಲೆ ನಗಾರಿ ಬಡಿಯುತ್ತಿರುವುದು.

ಇಂದು ಗಾಣದವನ ಹೆಂಡತಿ ಊದಿದ ಸ್ವರವನ್ನು ನಾಳೆ ಹಿರಿಯ ಗಾಡಿಕಾರನ ಮಗಳು ಊದಬಹುದು. ಗಾಡಿಕಾರನಿಗೆ ಇಷ್ಟೇ ಗೊತ್ತು: ಇದು ಮಡಕೆಯ ಸೀಟಿ. ಧೂಳಿನಲ್ಲಿ ನಿಂತಿರುವುದು ಅವನ ಹಗೆಯೋ, ಅವನು ಹೆತ್ತ ಮಗಳೋ ಗೊತ್ತಿಲ್ಲ. ತಡೆ ಎಳೆಯುವುದೊಂದೇ ದಾರಿ.

ಐವತ್ತು ದಿನ ಯಾರೂ ಸಾಯಲಿಲ್ಲ. ಆ ಐವತ್ತು ದಿನ ಗಾಳಿಯೂ ಇರಲಿಲ್ಲ ಎಂದು ನೇಯುವವಳು ಬಾವಿಕಟ್ಟೆಯಲ್ಲಿ ಹೇಳಿ ನಗಿಸುತ್ತಿದ್ದಳು.

ಐವತ್ತೊಂದನೆಯ ದಿನ, ಎತ್ತುಗಳಿಗೆ ನೀರು ಕುಡಿಸುವ ಮಧ್ಯಾಹ್ನದ ಹೊತ್ತಿನಲ್ಲಿ, ಹಿರಿಯ ಗಾಡಿಕಾರ ಸೀಟಿಯವಳ ಮನೆಗೆ ಬಂದ. ಜೊತೆಗೆ ಇಬ್ಬರಿದ್ದರು. ಅವರು ಬಾಗಿಲು ಹಾಕಿದರು.

“ಮಡಕೆ ಚೆನ್ನಾಗಿದೆ ತಂಗಿ,” ಎಂದ. “ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಬೆಳಿಗ್ಗೆ ಎಲ್ಲರದ್ದನ್ನೂ ಕೇಳುವ ಒಬ್ಬಳು ಇದ್ದಾಳಲ್ಲ.”

ಅವಳು ಕೊರೆಯುತ್ತಿದ್ದ ಬಿದಿರನ್ನು ಕೆಳಗಿಟ್ಟಳು.

“ಮುನ್ನೂರು ಜನರದ್ದು ನನಗೆ ಬೇಡ. ಒಬ್ಬಳದ್ದು ಸಾಕು. ನೇಯುವವಳಿಗೆ ಇವತ್ತು ಯಾವುದು ಸಿಕ್ಕಿತು?”

“ನೆನಪಿಲ್ಲ ಅಣ್ಣ.”

“ನಿನಗೆ? ಮುನ್ನೂರ ಹನ್ನೆರಡು ಗಂಟಲು ಕೊರೆದವಳಿಗೆ?” ಅವನ ದನಿಯಲ್ಲಿ ನಿಜವಾದ ಮೆಚ್ಚುಗೆ ಇತ್ತು. “ಕೈ ಇತ್ತ ಕೊಡು.”

ಇಬ್ಬರು ಅವಳ ಎಡಗೈಯನ್ನು ಹೊಸ್ತಿಲ ಮೇಲೆ ಒತ್ತಿ ಹಿಡಿದರು. ಬಿದಿರು ಬಡಿಯುವ ಕೊಡತಿ ಅಲ್ಲೇ ಇತ್ತು. ಅವನು ಕಿರುಬೆರಳನ್ನು ಜಜ್ಜಿದ. ಅವಳು ನೇಯುವವಳ ಹೆಸರೆತ್ತಲಿಲ್ಲ. ಉಂಗುರದ ಬೆರಳನ್ನು ಜಜ್ಜಿದ. ಅವಳು ತಮ್ಮನನ್ನು ಕೂಗಿದಳು, ತಾಯಿಯನ್ನು ಕೂಗಿದಳು.

“ಸೀಟಿ ಮಾಡಲು ಎಷ್ಟು ಬೆರಳು ಬೇಕು ತಂಗಿ? ಲೆಕ್ಕ ನಿನಗೇ ಗೊತ್ತು. ನಾನು ಓದದವನು.”

ನಡುಬೆರಳಿನ ಮೇಲೆ ಕೊಡತಿ ಎತ್ತಿದಾಗ ಅವಳು ತುಟಿ ಮುಂದೆ ಮಾಡಿ ಊದಿದಳು. ಸೀಟಿ ಇಲ್ಲದೆ, ಬರೀ ಬಾಯಿಯಿಂದ. ತೆಳ್ಳಗೆ ಏರಿ, ತುದಿಯಲ್ಲಿ ಒಡೆಯುವ ಒಂದು ಸ್ವರ.

“ಇನ್ನೊಮ್ಮೆ,” ಎಂದ ಹಿರಿಯ ಗಾಡಿಕಾರ.

ಅವಳು ಇನ್ನೊಮ್ಮೆ ಊದಿದಳು. ಅವನು ತಲೆಯಾಡಿಸಿ, ಕೊಡತಿಯನ್ನು ಇದ್ದ ಜಾಗದಲ್ಲೇ ಇಟ್ಟು ಹೋದ.

ಗಾಡಿಗಳು ಮತ್ತೆ ಇಳಿಯತೊಡಗುವ ಹೊತ್ತಿಗೆ ಅವಳು ನೋವು ನುಂಗಿ ಎದ್ದು ಓಡಿದಳು. ಜಜ್ಜಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಮೊದಲು ನೇಯುವವಳ ಮನೆಗೆ. ‘ನೀರಿಗೆ ಹೋದಳಲ್ಲ,’ ಎಂದರು. ದಾಟುವ ಜಾಗಕ್ಕೆ ಓಡಿದಳು. ಧೂಳಿನ ಆಚೆ, ಬಾವಿಯ ಕಡೆಯಿಂದ, ಆ ಸ್ವರ ಕೇಳಿತು. ತೆಳ್ಳಗೆ ಏರಿತು, ತುದಿಯಲ್ಲಿ ಒಡೆಯಿತು.

“ಬರಬೇಡ!” ಎಂದು ಕೂಗಿದಳು. “ಅಲ್ಲೇ ಇರು!”

“ಏನಕ್ಕಾ?” ಎಂದಳು ನೇಯುವವಳು ಧೂಳಿನೊಳಗಿಂದ. “ಕೇಳಿಸಲಿಲ್ಲ.” ಕೇಳಿಸಿಕೊಳ್ಳಲು ಎರಡು ಹೆಜ್ಜೆ ಮುಂದೆ ಬಂದಳು.

ತೊಗಲು ಸುತ್ತಿದ ಚಕ್ರಕ್ಕೆ ಸದ್ದಿರಲಿಲ್ಲ. ಕೊಡ ಒಡೆದದ್ದು ಕೇಳಿತು. ಆಮೇಲೆ, ಒಣಗಿದ ಪುಳ್ಳೆ ಮುರಿದಂತೆ, ಬೇರೆ ಏನೋ. ಧೂಳಿನಿಂದ ನೀರು ಹರಿದು ಬಂದು ಸೀಟಿಯವಳ ಕಾಲು ತೋಯಿಸಿತು. ಮೊದಲು ತಣ್ಣಗಿತ್ತು. ಆಮೇಲೆ ಬೆಚ್ಚಗಾಯಿತು.

ನೇಯುವವಳನ್ನು ಮಣ್ಣು ಮಾಡಿದ ದಿನ ಸೀಟಿಯವಳು ಮನೆಗೆ ಬಂದು ಗೋಡೆಯ ಎದುರು ನಿಂತಳು. ಎರಡು ಸಾಲುಗಳ ಕೆಳಗೆ ಮೂರನೆಯದನ್ನು ಬರೆದಳು.

ತಿಳಿದವರು ಯಾರೂ ಇರಬಾರದು.

ಬಿದಿರು ಕೊರೆಯುವ ದಬ್ಬಣವನ್ನು ಒಲೆಯಿಂದ ತೆಗೆದಳು. ಮೊದಲು ಎಡಗಿವಿ. ನೋವು ಬರುವ ಮುಂಚೆ ಬಲಗಿವಿ. ತಡಮಾಡಿದರೆ ಧೈರ್ಯ ಸಾಲದೆಂದು ಅವಳಿಗೆ ಗೊತ್ತಿತ್ತು. ಕೊನೆಯದಾಗಿ ಅವಳಿಗೆ ಕೇಳಿಸಿದ್ದು ತನ್ನದೇ ಕೂಗು. ಅದು ನಡುವೆ ತುಂಡಾಯಿತು. ಬಾಯಿ ಮಾತ್ರ ಇನ್ನೂ ತೆರೆದಿತ್ತು.

ಒಂಬತ್ತು ದಿನ, ದಾಟಲು ಹೆದರಿ, ಊರು ಮನೆಯಿಂದ ಹೊರಬರಲಿಲ್ಲ. ಮಳೆನೀರು ಕುಡಿದರು, ಇದ್ದದ್ದನ್ನು ತಿಂದರು. ಹತ್ತನೆಯ ದಿನ ಸೀಟಿಯವಳು ಮತ್ತೆ ಮಡಕೆ ತಂದಿಟ್ಟಳು. ತಲೆಗೆ ಬಟ್ಟೆ ಸುತ್ತಿತ್ತು. ಕೈಯಲ್ಲಿ ಒಂದು ಕೋಳಿಗರಿ. ಜನ ಒಳಗೆ ಬಂದು ಸೀಟಿ ಊದಿದಾಗ ಅವಳು ಸೀಟಿಯ ಕಂಡಿಗೆ ಗರಿ ಹಿಡಿಯುವಳು. ಗರಿ ನಡುಗಿದರೆ, ‘ಸರಿ, ಹೋಗು.’ ಸೀಟಿಗೆ ಗಂಟಲಿದೆ ಎಂದು ಗರಿ ಹೇಳುತ್ತಿತ್ತು. ಯಾವ ಗಂಟಲೆಂದು ಗರಿಗೂ ಗೊತ್ತಿರಲಿಲ್ಲ.

ಸಾಲಿನಲ್ಲಿದ್ದ ಒಬ್ಬ ಮುದುಕಿ ಅವಳ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. ತುಟಿ ನೋಡಲೆಂದು ಬಿಡಿಸಿ ಬಿಡಿಸಿ ಹೇಳಿದಳು:

“ಇನ್ನು ನಿನ್ನನ್ನು ಎದುರಿಗೇ ಬೈಯಬಹುದು ಮಾರಾಯ್ತಿ. ನೇಯುವವಳಿಗಾಗಿ ಒಂದು ವರ್ಷ ಬೈಯುತ್ತೇನೆ.”

“ಬೈಯಿರಿ,” ಎಂದಳು ಸೀಟಿಯವಳು. ತನ್ನ ದನಿ ಎಷ್ಟು ದೊಡ್ಡದಾಗಿತ್ತೆಂದು ಅವಳಿಗೆ ಗೊತ್ತಾಗಲಿಲ್ಲ.

ಹಿರಿಯ ಗಾಡಿಕಾರ ಇನ್ನೊಮ್ಮೆ ಬಂದ. ಈ ಸಲ ಒಬ್ಬನೇ. ಕೊಡತಿಯ ಕಡೆ ನೋಡಲಿಲ್ಲ. ಅವಳೆದುರು ಕುಕ್ಕರಗಾಲಿನಲ್ಲಿ ಕೂತು ಏನೋ ಹೇಳಿದ, ಮತ್ತೆ ಹೇಳಿದ. ಅವಳು ತಲೆಯ ಬಟ್ಟೆ ಬಿಚ್ಚಿ ತೋರಿಸಿದಳು. ಅವನು ಹಿಂದೆ ಸರಿದ. ಆಮೇಲೆ ಅವನ ತುಟಿಗಳು ಒಂದೇ ಮಾತನ್ನು ಹೇಳತೊಡಗಿದವು, ಅದು ಅವಳಿಗೆ ತಿಳಿಯಿತು. ಮಗಳು. ನನ್ನ ಮಗಳದ್ದು. ಮಗಳದ್ದಾದರೂ ಹೇಳು.

“ಗೊತ್ತಿಲ್ಲ ಅಣ್ಣ,” ಎಂದಳು. “ದೇವರಾಣೆ ಗೊತ್ತಿಲ್ಲ.”

ಅವನು ಅವಳ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಬಡಿದ. ಮೂರು ಸಲ ಬಡಿದ. ಇದ್ದಿಲಿನ ಸಾಲುಗಳ ಮೇಲೆ ರಕ್ತ ಇಳಿಯಿತು. ಅವಳಿಗೆ ನಗು ಬಂತು. ಹೇಳಲು ಏನೂ ಇಲ್ಲದವಳನ್ನು ಹೊಡೆಯುವುದು ಎಷ್ಟು ಹೊತ್ತು ಸಾಧ್ಯ? ಅವನ ಕೈ ಸೋತಿತು. ಬಾಗಿಲಲ್ಲಿ ನಿಂತು ಬೆರಳು ತೋರಿಸಿ ಅವನು ಕೊನೆಗೆ ಆಡಿದ ಮಾತು ಎರಡೇ. ನೀನೂ ದಾಟಬೇಕಲ್ಲ.

ಹೌದು, ಅವಳೂ ದಾಟಬೇಕಿತ್ತು. ಇಷ್ಟು ದಿನ ಯಾರಾದರೂ ಒಂದು ಕೊಡ ನೀರು ತಂದಿಡುತ್ತಿದ್ದರು. ಈಗ ಹಿರಿಯ ಗಾಡಿಕಾರನಿಗೆ ಹೆದರಿ ಯಾರೂ ತರುತ್ತಿರಲಿಲ್ಲ. ಮೂರನೆಯ ದಿನ ನೀರು ಮುಗಿಯಿತು. ಅವಳು ಮುಖ ತಿರುಗಿಸಿ ಮಡಕೆಗೆ ಕೈ ಹಾಕಿದಳು, ಒಂದು ಸೀಟಿ ತೆಗೆದಳು, ಗರಿ ಹಿಡಿದು ಊದಿದಳು. ಗರಿ ನಡುಗಿತು. ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಹೊರಟಳು.

ದಾಟುವ ಜಾಗದಲ್ಲಿ ಧೂಳು ಗೋಡೆಯ ಹಾಗೆ ನಿಂತಿತ್ತು. ಅವಳು ಊದಿದಳು. ಉಸಿರು ಹೋದದ್ದಷ್ಟೇ ಗೊತ್ತಾಯಿತು. ಉಳಿದವರು ಊದಿ ಕಿರ್ರೆನ್ನುವುದನ್ನು ಕಾಯುತ್ತಾರೆ. ಅವಳು ಯಾವುದಕ್ಕೆ ಕಾಯಬೇಕು? ನೂರು ಎಣಿಸಿದರೂ ಅಷ್ಟೇ, ಸಾವಿರ ಎಣಿಸಿದರೂ ಅಷ್ಟೇ. ಮತ್ತೊಮ್ಮೆ ಊದಿ, ಕಾಲು ಮುಂದಿಟ್ಟಳು.

ನೆಲ ಅದುರಿತು. ಅಂಗಾಲಿನಿಂದ ಮಂಡಿಗೆ, ಮಂಡಿಯಿಂದ ಹೊಟ್ಟೆಗೆ ಅದುರು ಏರಿತು. ಅವಳು ನಿಂತಳು. ಹಿಂದೆ ಹೋಗಲು ಹೊತ್ತಿರಲಿಲ್ಲ. ಅದುರು ದೊಡ್ಡದಾಯಿತು, ಹಲ್ಲಿಗೆ ಹಲ್ಲು ತಾಗಿತು. ಧೂಳಿನಿಂದ ಒದ್ದೆಯಾದದ್ದೇನೋ ಬಂದು ಅವಳ ಭುಜಕ್ಕೆ ಒತ್ತಿತು.

ಎತ್ತಿನ ಮೂಗು.

ಅದುರು ನಿಂತಿತ್ತು. ಧೂಳು ಸ್ವಲ್ಪ ಕುಳಿತಾಗ ಎತ್ತು ಕಂಡಿತು, ನೊಗ ಕಂಡಿತು, ಗಾಡಿಯ ಮೂಕಿಮರದ ಮೇಲೆ ಕಾಲು ಚಾಚಿ ತಡೆಯ ಹಗ್ಗವನ್ನು ಎರಡು ಕೈಯಲ್ಲೂ ಜಗ್ಗಿ ಹಿಡಿದ ಹಿರಿಯ ಗಾಡಿಕಾರ ಕಂಡ. ಹಗ್ಗ ಅವನ ಅಂಗೈಯ ಸಿಪ್ಪೆ ಸುಲಿದಿತ್ತು. ಕಪ್ಪು ಬಟ್ಟೆಯ ಕೆಳಗೆ ಅವನ ಬಾಯಿ ಆಡುತ್ತಿತ್ತು. ಮಗಳೇ? ನೀನೇನಾ? ಯಾರದು? ಮಾತಾಡು, ಯಾರದು?

ಮಾತಾಡಿದರೆ ದನಿಯ ಗುರುತು ಸಿಗುತ್ತದೆ. ಅವಳು ಮಾತಾಡಲಿಲ್ಲ.

ಅವನು ಮುಂದಕ್ಕೆ ಬಾಗಿ ಒಂದು ಕೈಯನ್ನು ಗಾಳಿಗೆ ಚಾಚಿದ. ಮುಖ ತಡವಿ ನೋಡಲು ಬೆರಳುಗಳು ತೆರೆದಿದ್ದವು. ಅವಳ ಮೂಗಿನಿಂದ ಒಂದು ಗೇಣು ದೂರದಲ್ಲಿ ಅವು ಧೂಳನ್ನು ಹಿಡಿದವು, ಬಿಟ್ಟವು, ಮತ್ತೆ ಹಿಡಿದವು. ಅವಳು ಉಸಿರು ಬಿಗಿಹಿಡಿದು ಆ ಕೈಯ ಕೆಳಗೆ ಬಗ್ಗಿ ಆಚೆ ಬದಿಗೆ ದಾಟಿದಳು.

ಬಾವಿಯಲ್ಲಿ ಒಂದೇ ಕೈಯಿಂದ ನೀರು ಸೇದಿದಳು. ತಡವಾಯಿತು. ಕೊಡ ತುಂಬಿದ ಮೇಲೆ, ಮನೆ ಇದ್ದದ್ದು ರಸ್ತೆಯ ಆಚೆ ಬದಿಯಲ್ಲಿ ಆದ್ದರಿಂದ, ಸೀಟಿಯನ್ನು ಮತ್ತೆ ತುಟಿಗೆ ಇಟ್ಟುಕೊಂಡಳು.